ಗಂಡೋ ಹೆಣ್ಣೋ: ಸಾಕುಹಲ್ಲಿಯ ಆರೈಕೆ ಅಲ್ಲಿಂದಲೇ ಶುರು

ಮಗ ಆರನೇ ತರಗತಿಯಲ್ಲಿದ್ದಾಗ ಟೆಕ್ಸಸ್‌ನ ನಮ್ಮ ಮನೆಗೆ ಒಂದು ಬಿಯರ್ಡೆಡ್ ಡ್ರ್ಯಾಗನ್ ಬಂತು. ಗಂಟಲ ಕೆಳಗಿನ ಮುಳ್ಳುಚರ್ಮವನ್ನು ಗಡ್ಡದ ಹಾಗೆ ಉಬ್ಬಿಸುವ ಆಸ್ಟ್ರೇಲಿಯಾದ ಪ್ರಾಣಿ. ನಮ್ಮ ಮನೆಯಲ್ಲಿ ಅದಕ್ಕೆ ಗಡ್ಡದ ಓತಿ ಎಂದೇ ಹೆಸರು. ಅಂಗಡಿಯವರು ಗಂಡು ಎಂದಿದ್ದರು, ರಸೀದಿಯಲ್ಲೂ ಹಾಗೇ ಬರೆದುಕೊಟ್ಟಿದ್ದರು. ಮಗ ಗುಂಡ ಎಂದು ಕರೆದ.

ಒಂದೂವರೆ ವರ್ಷ ಕಳೆದ ಮೇಲೆ ಗುಂಡ ಊಟ ಬಿಟ್ಟ. ಹಗಲೆಲ್ಲ ಗಾಜಿನ ಪೆಟ್ಟಿಗೆಯ ಒಂದೇ ಮೂಲೆಯನ್ನು ಕೆರೆಯುತ್ತಿದ್ದ. ಹೊಟ್ಟೆ ಎರಡೂ ಬದಿಗೆ ಉಬ್ಬಿತ್ತು. ಮುಟ್ಟಿದರೆ ಒಳಗೆ ಗೋಲಿಗಳಿದ್ದಂತೆ ಬೆರಳಿಗೆ ಸಿಗುತ್ತಿತ್ತು. ಮಲಬದ್ಧತೆ ಇರಬೇಕೆಂದು ಬೆಚ್ಚಗಿನ ನೀರಿನಲ್ಲಿ ಕೂರಿಸಿದೆವು, ಒಂದೆರಡು ತೊಟ್ಟು ಹಣ್ಣಿನ ರಸ ಕುಡಿಸಿದೆವು. ಐದನೇ ದಿನ ಸರೀಸೃಪಗಳನ್ನು ನೋಡುವ ಪಶುವೈದ್ಯೆಯ ಬಳಿಗೆ ಒಯ್ದೆವು. ಸ್ಕ್ಯಾನ್ ಮಾಡಿದ ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಹೊಟ್ಟೆಯ ತುಂಬ ಮೊಟ್ಟೆ. ಅಗೆಯಲು ಮಣ್ಣು ಸಿಗದ ಕಾರಣಕ್ಕೆ ಅವಳು ಅಷ್ಟು ದಿನ ಮೊಟ್ಟೆಗಳನ್ನು ಒಳಗೇ ತಡೆದುಕೊಂಡಿದ್ದಳು. ಅದೇ ರಾತ್ರಿ ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಒದ್ದೆ ಮರಳು ತುಂಬಿ ಇಟ್ಟೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ 19 ಮೊಟ್ಟೆ ಇಟ್ಟು, ಮರಳು ಮುಚ್ಚಿ, ಮೂಗಿನಿಂದ ಗುದ್ದಿ ಗುದ್ದಿ ಗಟ್ಟಿ ಮಾಡಿ, ಸುಸ್ತಾಗಿ ದೀಪದ ಕೆಳಗೆ ಬಂದು ಮಲಗಿದಳು. ಅಂದಿನಿಂದ ಅವಳು ಗುಂಡಮ್ಮ.

ಗಂಡಿನ ಮುಖವನ್ನೇ ನೋಡದ ಹೆಣ್ಣು ಮೊಟ್ಟೆ ಇಡಬಲ್ಲದು ಎಂಬುದು ನಮಗೆ ಗೊತ್ತಿರಲಿಲ್ಲ. ನಮ್ಮೂರ ನಾಟಿಕೋಳಿಯೂ ಹುಂಜವಿಲ್ಲದೆ ಮೊಟ್ಟೆ ಇಡುತ್ತದೆ ಎನ್ನುವುದು ಆಗ ತಲೆಗೆ ಹೊಳೆಯಲಿಲ್ಲ. ಗೊತ್ತಿದ್ದಿದ್ದರೆ ಆ ಐದು ದಿನದ ಯಾತನೆ ಅವಳಿಗೆ ತಪ್ಪುತ್ತಿತ್ತು. ಆಗಿನಿಂದ ಹಲ್ಲಿ ಸಾಕಬೇಕೆಂದು ಕೇಳಿಕೊಂಡು ಬರುವ ಕನ್ನಡದ ಗೆಳೆಯರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ: ಬಣ್ಣ ಆಮೇಲೆ, ಹೆಸರು ಆಮೇಲೆ, ಮೊದಲು ಅದು ಗಂಡೋ ಹೆಣ್ಣೋ ತಿಳಿದುಕೊಳ್ಳಿ. ಒಂದೇ ಪೆಟ್ಟಿಗೆಯಲ್ಲಿ ಎಷ್ಟನ್ನು ಇಡಬಹುದು, ಯಾವ ಲಕ್ಷಣ ಕಂಡರೆ ಗಾಬರಿಯಾಗಬೇಕು, ಎಷ್ಟು ಸುಣ್ಣದಂಶ ಬೇಕು, ಎಲ್ಲವೂ ಅದರ ಮೇಲೆ ನಿಂತಿದೆ.

ಕಿಟಕಿಯ ಗಾಜೇ ಮೊದಲ ಪಾಠಶಾಲೆ

ಊರಿನಲ್ಲಿರುವ ಓದುಗರು ಇದನ್ನು ಖರ್ಚಿಲ್ಲದೆ ಕಲಿಯಬಹುದು. ರಾತ್ರಿ ದೀಪದ ಹುಳುಗಳಿಗಾಗಿ ಕಿಟಕಿ ಗಾಜಿನ ಹೊರಮೈಗೆ ಅಂಟಿಕೊಳ್ಳುವ ಮನೆಹಲ್ಲಿಯನ್ನು ಒಳಗಿನಿಂದ ನೋಡಿ. ಅದರ ಹೊಟ್ಟೆ ನಿಮ್ಮ ಕಡೆಗಿರುತ್ತದೆ. ಕೆಲವದರ ತೊಡೆಗಳ ಒಳಬದಿಯಲ್ಲಿ ಸೂಜಿಯಿಂದ ಚುಚ್ಚಿದಂಥ ಚುಕ್ಕೆಗಳ ಸಾಲು ಕಾಣುತ್ತದೆ, ಬಾಲದ ಬುಡ ಕೊಂಚ ಊದಿಕೊಂಡಿರುತ್ತದೆ. ಅದು ಗಂಡು. ಇನ್ನು ಕೆಲವದರ ತೆಳುಚರ್ಮದ ಮೂಲಕ ಎರಡು ಬಿಳಿ ಮೊಟ್ಟೆಗಳು ಅಕ್ಕಪಕ್ಕ ಮಲಗಿರುವುದೇ ಕಾಣಿಸುತ್ತದೆ. ಅದು ಯಾವುದೆಂದು ಹೇಳಬೇಕಾಗಿಲ್ಲ.

ಆ ಚುಕ್ಕೆಗಳು ಮೇಣದಂಥ ವಸ್ತುವನ್ನು ಒಸರುವ ರಂಧ್ರಗಳು. ಗಂಡು ಅದನ್ನು ಕಲ್ಲಿಗೂ ಕೊಂಬೆಗೂ ಒರೆಸಿ ವಾಸನೆಯಿಂದ ತನ್ನ ಗಡಿ ಗುರುತು ಮಾಡುತ್ತದೆ. ಬಾಲದ ಬುಡದ ಊತಕ್ಕೆ ಬೇರೆ ಕಾರಣವಿದೆ. ಹಲ್ಲಿ, ಹಾವುಗಳ ಗಂಡಿಗೆ ಜನನಾಂಗ ಒಂದಲ್ಲ, ಜೋಡಿ. ಎರಡೂ ಬಾಲದ ಬುಡದೊಳಗೆ ಮಡಚಿಕೊಂಡಿರುತ್ತವೆ. ಕೂಡುವಾಗ ಒಂದು ಮಾತ್ರ ಹೊರಬರುತ್ತದೆ. ಇವನ್ನು ಹೆಮಿಪೆನಿಸ್ ಎನ್ನುತ್ತಾರೆ. ಸಾಕುಹಲ್ಲಿಯ ಲಿಂಗ ಪತ್ತೆಯ ಬಹುಪಾಲು ವಿದ್ಯೆ ಈ ಎರಡು ಗುರುತುಗಳಲ್ಲಿದೆ: ರಂಧ್ರಗಳ ಸಾಲು, ಬಾಲದ ಬುಡದ ಜೋಡಿ ಉಬ್ಬು.

ಬಣ್ಣ ನೋಡಿ ಹೇಳುವುದೂ ಸಾಧ್ಯ, ಆದರೆ ಕೆಲವು ಜಾತಿಗಳಲ್ಲಿ ಮಾತ್ರ. ನಾನು ಹುಟ್ಟಿ ಬೆಳೆದದ್ದು ರಾಮನಗರದ ಬಂಡೆಗಳ ನಡುವೆ. ಅಲ್ಲಿ ಬಿಸಿಲು ಕಾಯುವ ಬಂಡೆ ಓತಿಗಳಲ್ಲಿ ಗಂಡು, ಬೆದೆಯ ಕಾಲಕ್ಕೆ ಬೆನ್ನಿಗೆ ಕೆಂಪು ಹೊದ್ದು ಪಕ್ಕೆಗೆ ಕಪ್ಪು ಬಳಿದುಕೊಂಡಂತೆ ದೂರದಿಂದಲೇ ಕಾಣುತ್ತಿತ್ತು. ಹೆಣ್ಣು ಬಂಡೆಯ ಬಣ್ಣದಲ್ಲೇ ಅಡಗಿರುತ್ತಿತ್ತು. ಬೇಲಿಯ ಮೇಲಿನ ಓತಿಕ್ಯಾತನ ಗಂಡಿಗೆ ಆ ಕಾಲದಲ್ಲಿ ತಲೆ ಕೆಂಪೇರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದವರೆಲ್ಲ ಬಲ್ಲ ಹಾರುವ ಓತಿಯಲ್ಲಿ ಗಂಡಿನ ಗಂಟಲ ಪಟ ಅಚ್ಚ ಹಳದಿ. ಆದರೆ ಸಾಕುಪ್ರಾಣಿಯಾಗಿ ಮಾರಾಟವಾಗುವ ಹಲ್ಲಿಗಳ ಬಣ್ಣ ತಳಿಗಾರರು ಮಾಡಿದ್ದು. ಅದು ಲಿಂಗವನ್ನು ಹೇಳುವುದಿಲ್ಲ.

ಗಡ್ಡದ ಓತಿ

ಪೊಗೋನಾ ವಿಟ್ಟಿಸೆಪ್ಸ್ ಎಂಬ ಈ ಓತಿ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯದು. ಮೂಗಿನಿಂದ ಬಾಲದ ತುದಿಯವರೆಗೆ 40ರಿಂದ 60 ಸೆಂಟಿಮೀಟರ್ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟುತ್ತದೆ.

ನೋಡುವ ಕ್ರಮ ಹೀಗೆ. ಓತಿ ಮೈ ಕಾಯಿಸಿಕೊಂಡು ನೆಮ್ಮದಿಯಾಗಿರುವಾಗ ಅಂಗೈ ಮೇಲೆ ಇಲ್ಲವೆ ಮೇಜಿನ ಮೇಲೆ ಬೋರಲು ಕೂರಿಸಿ. ಬೆನ್ನಿನ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ಬಾಲವನ್ನು ಬುಡದ ಹತ್ತಿರವೇ ಹಿಡಿದು ಮೆಲ್ಲಗೆ ಮೇಲೆತ್ತಿ. ಬಾಲವನ್ನು ಬೆನ್ನಿನ ಕಡೆಗೆ ಮಡಚಬೇಡಿ, ಬೆನ್ನೆಲುಬಿಗೆ ಪೆಟ್ಟಾಗುತ್ತದೆ. ಈಗ ಹಿಂಬದಿಯ ಅಡ್ಡಸೀಳಿನಿಂದ ಬಾಲದ ಕಡೆಗಿರುವ ಜಾಗ ನೋಡಿ. ಎಡಕ್ಕೊಂದು ಬಲಕ್ಕೊಂದು ಉಬ್ಬು, ನಡುವೆ ಸಣ್ಣ ಕಾಲುವೆಯಂಥ ತಗ್ಗು ಇದ್ದರೆ ಗಂಡು. ನಡುವೆ ಒಂದೇ ಉಬ್ಬು ಇದ್ದರೆ, ಅಥವಾ ಸಪಾಟಾಗಿದ್ದರೆ ಹೆಣ್ಣು.

ಮರಿಗಳಲ್ಲಿ ಇದು ಅಷ್ಟು ಸ್ಪಷ್ಟವಲ್ಲ. ಕತ್ತಲ ಕೋಣೆಯಲ್ಲಿ ಬಾಲದ ಬುಡದ ಮೇಲ್ಭಾಗಕ್ಕೆ ಸಣ್ಣ ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದರೆ ಗಂಡಿನಲ್ಲಿ ಎರಡು ಕಪ್ಪು-ಕೆಂಪು ನೆರಳುಗಳು ಕಡ್ಡಿಯಂತೆ ಕಾಣುತ್ತವೆ. ಎಲ್ಇಡಿ ಟಾರ್ಚ್ ಆದರೆ ಒಳ್ಳೆಯದು, ಬಿಸಿಯಾಗುವ ಬಲ್ಬು ಬೇಡ. ಮೂರು ತಿಂಗಳೊಳಗಿನ ಮರಿಯನ್ನು ಗಂಡೆಂದೋ ಹೆಣ್ಣೆಂದೋ ಖಚಿತವಾಗಿ ಹೇಳಿ ಮಾರುವವರನ್ನು ನಾನು ನಂಬುವುದಿಲ್ಲ. ಆರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ ಮತ್ತೆ ನೋಡಿ, ಫೋಟೊ ತೆಗೆದಿಟ್ಟು ಹೋಲಿಸಿ. ನಾವು ಮಾಡದೆ ಬಿಟ್ಟ ಕೆಲಸ ಇದೇ.

ದೊಡ್ಡದಾದ ಮೇಲೆ ಬೇರೆ ಸುಳಿವುಗಳೂ ಸಿಗುತ್ತವೆ. ಗಂಡಿನ ತಲೆ ಅಗಲ, ತೊಡೆಯ ರಂಧ್ರಗಳು ದೊಡ್ಡವು, ಅವುಗಳಲ್ಲಿ ಮೇಣ ತುಂಬಿರುತ್ತದೆ. ಗಡ್ಡವನ್ನು ಕಪ್ಪು ಮಾಡಿಕೊಂಡು ತಲೆಯನ್ನು ಜೋರಾಗಿ ಮೇಲೆ ಕೆಳಗೆ ಆಡಿಸುವುದು ಹೆಚ್ಚಾಗಿ ಗಂಡಿನ ಠೀವಿ. ಆದರೆ ಹೆಣ್ಣೂ ಸಿಟ್ಟು ಬಂದರೆ ಗಡ್ಡ ಕಪ್ಪಾಗಿಸುತ್ತದೆ. ಮುಂಗಾಲೆತ್ತಿ ನಿಧಾನವಾಗಿ ಕೈಬೀಸುವುದು ಎರಡೂ ಮಾಡುವ ಶರಣಾಗತಿಯ ಸನ್ನೆ. ನಡತೆಯನ್ನು ಪುರಾವೆಯ ಜೊತೆಗೆ ಇಟ್ಟುಕೊಳ್ಳಿ, ಪುರಾವೆಯ ಬದಲಿಗೆ ಬೇಡ.

ಈ ಓತಿಯ ಲಿಂಗದ ಕಥೆಯಲ್ಲಿ ಇನ್ನೊಂದು ತಿರುವಿದೆ. ಇವಕ್ಕೆ ಹಕ್ಕಿಗಳಂತೆ ಲಿಂಗ ವರ್ಣತಂತುಗಳಿವೆ: ಎರಡು ‘ಝಡ್’ ಇದ್ದರೆ ಗಂಡು, ಒಂದು ‘ಝಡ್’ ಒಂದು ‘ಡಬ್ಲ್ಯು’ ಇದ್ದರೆ ಹೆಣ್ಣು. ಆದರೆ ಮೊಟ್ಟೆಗೆ ತಾಗುವ ಶಾಖ 32 ಡಿಗ್ರಿ ಸೆಲ್ಸಿಯಸ್ ಮೀರಿ ಏರುತ್ತ ಹೋದಂತೆ, ವರ್ಣತಂತುವಿನಲ್ಲಿ ಗಂಡಾಗಿರುವ ಮರಿಗಳೂ ಹೆಣ್ಣಾಗಿ ಹೊರಬರುತ್ತವೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು 2007ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. 2015ರಲ್ಲಿ ಕಾಡಿನ ಓತಿಗಳಲ್ಲೂ ಇಂಥ ಹೆಣ್ಣುಗಳಿವೆ ಎಂದು ಪ್ರಕಟಿಸಿದರು. ಆ ಹೆಣ್ಣುಗಳು ಮೊಟ್ಟೆಯನ್ನೂ ಇಡುತ್ತವೆ, ಮರಿಯೂ ಆಗುತ್ತದೆ. ಸಾಕುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ವಂಶವಾಹಿ ಪರೀಕ್ಷೆಯ ಕಾಗದ ಒಂದು ಹೇಳಿ, ದೇಹ ಇನ್ನೊಂದು ಹೇಳಿದರೆ, ಆರೈಕೆಯಲ್ಲಿ ದೇಹದ ಮಾತೇ ಕೊನೆ.

ಚಿರತೆ ಹಲ್ಲಿ

ಲೆಪರ್ಡ್ ಗೆಕೊ ಎಂದು ಮಾರುವ ಹಳದಿ ಮೈಯ, ಕಪ್ಪು ಚುಕ್ಕೆಗಳ ಹಲ್ಲಿ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕಲ್ಲುಗಾಡಿನ ಜೀವಿ. ನಮ್ಮ ಮನೆಹಲ್ಲಿಯ ಹಾಗೆ ಗೋಡೆ ಹತ್ತುವುದಿಲ್ಲ, ಕಾಲಿಗೆ ಅಂಟುವ ಪಟ್ಟಿಗಳಿಲ್ಲ. ಮನೆಹಲ್ಲಿಗಿಲ್ಲದ ಒಂದು ಇದಕ್ಕಿದೆ: ಮುಚ್ಚಿ ತೆರೆಯುವ ಕಣ್ಣುರೆಪ್ಪೆ. 15ರಿಂದ 20 ವರ್ಷ ಬದುಕುತ್ತದೆ. ಹತ್ತು ವರ್ಷದ ಮಗುವಿಗೆ ಕೊಡಿಸಿದರೆ ಆ ಮಗುವಿನ ಮದುವೆಯ ಹೊತ್ತಿಗೂ ಹಲ್ಲಿ ಮನೆಯಲ್ಲಿರುತ್ತದೆ ಎಂಬುದನ್ನು ತಂದೆತಾಯಿ ಯೋಚಿಸಿಯೇ ತರಬೇಕು.

ಇದರಲ್ಲಿ ಲಿಂಗ ಗುರುತಿಸುವುದು ಸುಲಭ. ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಲ್ಲಿಯನ್ನು ಬಿಟ್ಟು, ಡಬ್ಬಿಯನ್ನು ಎತ್ತಿ ಕೆಳಗಿನಿಂದ ನೋಡಿ. ಕಿಟಕಿ ಗಾಜಿನ ಪಾಠವೇ ಇದು. ಹಲ್ಲಿಯನ್ನು ಹಿಡಿದು ಮಗುಚುವ ಗೋಜಿಲ್ಲ, ಹೆದರಿ ಅದು ಬಾಲ ಕಳಚಿಕೊಳ್ಳುವ ಭಯವೂ ಇಲ್ಲ. ಹಿಂಗಾಲುಗಳ ನಡುವೆ, ಅಡ್ಡಸೀಳಿಗೆ ಸ್ವಲ್ಪ ಮೇಲೆ, ಇಂಗ್ಲಿಷಿನ ‘ವಿ’ ಅಕ್ಷರವನ್ನು ತಲೆಕೆಳಗಾಗಿಸಿದಂತೆ ರಂಧ್ರಗಳ ಸಾಲು ಇದ್ದು, ಅವುಗಳಲ್ಲಿ ಮೇಣದ ಕಾಳು ಕಂಡರೆ ಗಂಡು. ಸೀಳಿನ ಕೆಳಗೆ ಎರಡು ಉಬ್ಬುಗಳೂ ಇರುತ್ತವೆ. ಹೆಣ್ಣಿನಲ್ಲೂ ಆ ಸಾಲಿನ ಜಾಗದಲ್ಲಿ ಮಸುಕಾದ ಗುಳಿಗಳಿರಬಹುದು, ಆದರೆ ಮೇಣವಿಲ್ಲ, ಉಬ್ಬಿಲ್ಲ. ಸುಮಾರು ಆರು ತಿಂಗಳ ಹೊತ್ತಿಗೆ ಬರಿಗಣ್ಣಿಗೆ ತಿಳಿಯುತ್ತದೆ. ಅದಕ್ಕಿಂತ ಮೊದಲು ಭೂತಗನ್ನಡಿ ಬೇಕು, ತಪ್ಪುವ ಸಾಧ್ಯತೆಯೂ ಹೆಚ್ಚು.

ಚಿರತೆ ಹಲ್ಲಿಯಲ್ಲಿ ಗಂಡು ಹೆಣ್ಣು ಆಗುವುದು ವರ್ಣತಂತುವಿನಿಂದಲ್ಲ, ಮೊಟ್ಟೆಗೆ ಸಿಕ್ಕ ಶಾಖದಿಂದ. 26-28 ಡಿಗ್ರಿಯಲ್ಲಿ ಕಾವು ಕೊಟ್ಟರೆ ಬಹುತೇಕ ಹೆಣ್ಣು, 32ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು, 34 ದಾಟಿದರೆ ಮತ್ತೆ ಹೆಚ್ಚಾಗಿ ಹೆಣ್ಣು. ಆದ್ದರಿಂದ ತಳಿಗಾರರಿಂದ ಮರಿ ಕೊಳ್ಳುವಾಗ ‘ಎಷ್ಟು ಡಿಗ್ರಿಯಲ್ಲಿ ಕಾವು ಕೊಟ್ಟಿರಿ’ ಎಂದು ಕೇಳಿ. ಲೆಕ್ಕವಿಟ್ಟವರು ತಕ್ಷಣ ಹೇಳುತ್ತಾರೆ. ತಡವರಿಸಿದರೆ ಉಳಿದ ಮಾತಿನ ಮೇಲೂ ಅನುಮಾನವಿರಲಿ. ಬಣ್ಣದ ಆಸೆಗೆ ಬೀಳುವ ಮುನ್ನವೂ ವಿಚಾರಿಸಿ. ‘ಎನಿಗ್ಮಾ’ ಎಂಬ ಬಣ್ಣದ ತಳಿಗೆ ಸಮತೋಲ ತಪ್ಪಿ ತಲೆ ತಿರುಚುವ ನರದೋಷವಿದೆ, ‘ಲೆಮನ್ ಫ್ರಾಸ್ಟ್’ ತಳಿಗೆ ಚರ್ಮದ ಗೆಡ್ಡೆಗಳಾಗುತ್ತವೆ. ಎರಡನ್ನೂ ಕೊಳ್ಳದಿರುವುದೇ ಸರಿ.

ಉಳಿದವು

ನ್ಯೂ ಕ್ಯಾಲೆಡೋನಿಯಾದ ಕ್ರೆಸ್ಟೆಡ್ ಗೆಕೊ ಅಳಿದುಹೋಗಿದೆ ಎಂದೇ ತಿಳಿಯಲಾಗಿತ್ತು. 1994ರಲ್ಲಿ ಮತ್ತೆ ಸಿಕ್ಕಿತು. ಅದರ ಪ್ರಾಯದ ಗಂಡಿನ ಬಾಲದ ಬುಡದ ಉಬ್ಬು ಯಾರ ಕಣ್ಣಿಗೂ ತಪ್ಪುವಂಥದಲ್ಲ. ಒಮ್ಮೆ ಬಾಲ ಕಳಚಿದರೆ ಅದಕ್ಕೆ ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಹಿಡಿಯುವಾಗ ಎಚ್ಚರ. ಹಸಿರು ಇಗ್ವಾನಾದ ಪ್ರಾಯದ ಗಂಡಿಗೆ ತೊಡೆಯ ರಂಧ್ರಗಳು ಹೆಣ್ಣಿಗಿಂತ ಎದ್ದು ಕಾಣುತ್ತವೆ, ಕೆನ್ನೆ ಜೋತುಬಿದ್ದಿರುತ್ತದೆ. ಅಂಗೈಯಷ್ಟಿರುವ ಇಗ್ವಾನಾ ಮರಿ ಬೆಳೆದು ಒಂದೂವರೆ ಮೀಟರ್ ಮೀರಬಲ್ಲದು, ಬೆದೆಯ ಕಾಲದಲ್ಲಿ ಗಂಡು ಸಾಕಿದವರನ್ನೇ ಕಚ್ಚಬಲ್ಲದು. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ನೀಲಿ ನಾಲಿಗೆಯ ದೊಡ್ಡ ಹಾವುರಾಣಿಗಳಲ್ಲಿ ಹೊರಗಿನಿಂದ ನೋಡಿ ಹೇಳುವುದು ಅನುಭವಿಗಳಿಗೂ ಕಷ್ಟ. ಇನ್ನು ಮೋರ್ನಿಂಗ್ ಗೆಕೊ ಎಂಬ ಪುಟ್ಟ ಹಲ್ಲಿಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅದರ ಸಂಸಾರವೆಲ್ಲ ಹೆಣ್ಣು, ಗಂಡಿಲ್ಲದೆ ಇಟ್ಟ ಮೊಟ್ಟೆಯಿಂದಲೇ ಮರಿಯಾಗುತ್ತದೆ.

ಸಂದೇಹ ಉಳಿದರೆ ವೈದ್ಯರ ಬಳಿ ಹೋಗಿ. ಸೀಳಿನೊಳಗೆ ಸಣ್ಣ ಸಲಾಕೆ ತೂರಿಸಿ ಆಳ ನೋಡುವುದು, ಮರಿಯ ಬಾಲದ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ಅಂಗವನ್ನು ಹೊರಬರಿಸುವುದು ಎಂಬ ಎರಡು ವಿಧಾನಗಳ ವಿಡಿಯೊಗಳು ಬೇಕಾದಷ್ಟಿವೆ. ಎರಡನ್ನೂ ಮನೆಯಲ್ಲಿ ಮಾಡಬೇಡಿ. ಒಳಗೆ ಗಾಯವಾದರೆ ಕೀವು ಕಟ್ಟುತ್ತದೆ, ಮರಿಗಳು ಸಾಯುತ್ತವೆ. ಒಂದು ತಿಂಗಳು ಕಾದರೆ ತಾನಾಗಿ ಕಾಣುವುದನ್ನು ಇವತ್ತೇ ನೋಡಬೇಕೆಂಬ ಆತುರಕ್ಕೆ ಇಷ್ಟು ದೊಡ್ಡ ಬೆಲೆ ಬೇಡ.

ಹೆಣ್ಣೆಂದು ತಿಳಿದ ಮೇಲೆ

ಮೊದಲ ಕೆಲಸ ಮೊಟ್ಟೆ ಡಬ್ಬಿ. ಗಡ್ಡದ ಓತಿಗೆ ಪೂರ್ತಿ ಒಳಗೆ ಹೋಗಿ ತಿರುಗಲು ಜಾಗವಿರುವ ಡಬ್ಬಿಯಲ್ಲಿ, ತೊಳೆದ ಮರಳು ಮತ್ತು ಗೊಬ್ಬರ ಬೆರೆಸದ ಮಣ್ಣನ್ನು ಸೇರಿಸಿ ಕನಿಷ್ಠ 20 ಸೆಂಟಿಮೀಟರ್ ಆಳಕ್ಕೆ ತುಂಬಿ. ಹದ ಹೇಗಿರಬೇಕೆಂದರೆ, ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು; ಬೆರಳಿನಿಂದ ಕೊರೆದ ಸುರಂಗ ಕುಸಿಯಬಾರದು. ಚಿರತೆ ಹಲ್ಲಿಗೆ ಸಣ್ಣ ಡಬ್ಬಿ ಸಾಕು, ಮುಚ್ಚಳಕ್ಕೆ ತೂತು ಮಾಡಿ ಒದ್ದೆ ತೆಂಗಿನ ನಾರಿನ ಪುಡಿ ಹಾಕಿಡಿ. ಅದು ಪೊರೆ ಕಳಚುವ ಕಾಲಕ್ಕೂ ಒದಗುತ್ತದೆ.

ಚಿರತೆ ಹಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ, ಅವು ಹೊಟ್ಟೆಯ ಚರ್ಮದಡಿ ತಿಳಿಗುಲಾಬಿ ಬಣ್ಣದಲ್ಲಿ ಕಾಣುತ್ತವೆ. ಗಡ್ಡದ ಓತಿ 15ರಿಂದ 30ರವರೆಗೂ ಇಡುತ್ತದೆ, ಒಂದು ಋತುವಿನಲ್ಲಿ ಮತ್ತೆ ಮತ್ತೆ ಇಡಬಹುದು. ಅಷ್ಟು ಮೊಟ್ಟೆಗೆ ಬೇಕಾದ ಸುಣ್ಣವನ್ನು ಆಹಾರದಲ್ಲಿ ಕೊಡದಿದ್ದರೆ ಅದು ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಆದ್ದರಿಂದ ಆ ಕಾಲದಲ್ಲಿ ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚದೆ ಹಾಕಬೇಡಿ.

ಊಟ ಬಿಟ್ಟರೂ ಚುರುಕಾಗಿ ಓಡಾಡುತ್ತ ಮಣ್ಣು ಕೆರೆಯುತ್ತಿದ್ದರೆ ಅದು ಸಹಜ. ಅಗೆಯಲು ಶುರುಮಾಡಿ ಎರಡು ದಿನವಾದರೂ ಮೊಟ್ಟೆ ಬರದಿದ್ದರೆ, ಮೈ ಸಡಿಲಾಗಿ ಬಿದ್ದುಕೊಂಡರೆ, ಕಣ್ಣು ಗುಳಿಬಿದ್ದರೆ, ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ ಎಂದು ತಿಳಿದು ಅದೇ ದಿನ ವೈದ್ಯರಲ್ಲಿಗೆ ಒಯ್ಯಿರಿ. ಹೊಟ್ಟೆ ಅಮುಕಬೇಡಿ. ಒಳಗೆ ಮೊಟ್ಟೆ ಒಡೆದರೆ ಪ್ರಾಣಕ್ಕೇ ಬರುತ್ತದೆ.

ಗಂಡಿನ ತೊಂದರೆಗಳು ಬೇರೆ. ರಂಧ್ರಗಳಲ್ಲಿ ಮೇಣ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು, ಸೀಳಿನ ಬಳಿ ಒಣಗಿದ ಕಸ ಅಂಟಿಕೊಳ್ಳಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೂರಿಸಿ ಮೆತ್ತನೆಯ ಬ್ರಷ್‌ನಿಂದ ತೇಯ್ದರೆ ಹೋಗುತ್ತದೆ, ಕೀಳಲು ಹೋಗಬೇಡಿ. ಹೊರಬಂದ ಅಂಗ ಒಳಗೆ ಹೋಗದೆ ಜೋತಾಡುತ್ತಿದ್ದರೆ ಒಣಗದಂತೆ ಶುದ್ಧ ನೀರಿನಿಂದ ಒದ್ದೆಯಾಗಿಟ್ಟು, ಕೆಳಗೆ ಒದ್ದೆ ಬಟ್ಟೆ ಹಾಸಿ, ತಡಮಾಡದೆ ಆಸ್ಪತ್ರೆಗೆ ಹೊರಡಿ.

ಜೊತೆ ಬೇಕೆನ್ನುವುದು ನಮ್ಮ ಮನಸ್ಸು

‘ಪಾಪ, ಒಂಟಿಯಾಗಿದೆ, ಇನ್ನೊಂದು ತರೋಣ’ ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ನಮ್ಮಲ್ಲಿ ಅತ್ತೆಯವರೇ ಹೇಳಿದ್ದರು. ಆ ಮಾತಿನ ಹಿಂದಿನ ಪ್ರೀತಿ ದೊಡ್ಡದು, ಆದರೆ ಈ ಹಲ್ಲಿಗಳು ಒಂಟಿಜೀವಿಗಳು. ಎರಡು ಗಂಡು ಒಂದೇ ಪೆಟ್ಟಿಗೆಯಲ್ಲಿದ್ದರೆ ಕಚ್ಚಾಡಿ ಕಾಲು, ಬಾಲ ಕಳೆದುಕೊಳ್ಳುತ್ತವೆ. ಗಂಡು ಹೆಣ್ಣನ್ನು ಜೊತೆಗಿಟ್ಟರೆ ಗಂಡು ಬಿಡದೆ ಕಾಡುತ್ತದೆ, ಹೆಣ್ಣು ಮೊಟ್ಟೆಯ ಮೇಲೆ ಮೊಟ್ಟೆಯಿಟ್ಟು ಸೊರಗುತ್ತದೆ. ಎರಡು ಹೆಣ್ಣುಗಳಲ್ಲೂ ಒಂದು ಬಲವಾಗಿ ಇನ್ನೊಂದು ಬಡವಾಗುತ್ತದೆ. ಒಂದರ ಮೇಲೊಂದು ಮಲಗಿದ್ದನ್ನು ಮುದ್ದು ಎಂದುಕೊಳ್ಳುತ್ತೇವೆ. ಅಲ್ಲಿ ನಡೆಯುತ್ತಿರುವುದು ಬಿಸಿಲಿನ ಜಾಗಕ್ಕಾಗಿ ತುಳಿದಾಟ. ಒಂದು ಪೆಟ್ಟಿಗೆಗೆ ಒಂದೇ ಹಲ್ಲಿ. ಮನೆಯಲ್ಲಿ ಮರಿ ಮಾಡಿಸುವ ಆಸೆಯನ್ನೂ ಬಿಟ್ಟುಬಿಡಿ. ಇಪ್ಪತ್ತು ಮರಿಗೆ ಇಪ್ಪತ್ತು ಮನೆ ಹುಡುಕುವುದು ಆಗದ ಕೆಲಸ.

ಬಿಸಿ, ಬೆಳಕು, ಊಟ

ಹಲ್ಲಿಗೆ ಮೈಯೊಳಗೆ ಒಲೆಯಿಲ್ಲ. ತಿಂದದ್ದು ಜೀರ್ಣವಾಗಲು ಹೊರಗಿನ ಬಿಸಿ ಬೇಕು. ಪೆಟ್ಟಿಗೆಯ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪಾಗಿದ್ದರೆ ತನಗೆ ಬೇಕಾದಲ್ಲಿ ಹೋಗಿ ಕೂರುತ್ತದೆ. ಗಡ್ಡದ ಓತಿಗೆ ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ, ತಂಪು ತುದಿ 24ರಿಂದ 28. ಚಿರತೆ ಹಲ್ಲಿಗೆ ಬಿಸಿ ತುದಿ 32-34, ತಂಪು ತುದಿ 25ರ ಸುಮಾರು. ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇರಲಿ. ಹೀಟರ್ ಯಾವುದೇ ಇರಲಿ, ಥರ್ಮೋಸ್ಟಾಟ್ ಇಲ್ಲದೆ ಹಚ್ಚಬೇಡಿ. ‘ಹೀಟ್ ರಾಕ್’ ಎಂದು ಮಾರುವ ಬಿಸಿಗಲ್ಲುಗಳಿಂದ ಹೊಟ್ಟೆ ಸುಟ್ಟುಕೊಂಡ ಹಲ್ಲಿಗಳು ಎಷ್ಟೋ. ಪ್ರಾಯದ ಗಡ್ಡದ ಓತಿಗೆ ಕನಿಷ್ಠ 120 ಸೆಂಟಿಮೀಟರ್ ಉದ್ದ, 60 ಅಗಲದ ಪೆಟ್ಟಿಗೆ ಬೇಕು.

ಬೆಳಕಿನ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಸೂರ್ಯನ ಬೆಳಕಿನ ಯುವಿಬಿ ಕಿರಣ ಚರ್ಮಕ್ಕೆ ಬಿದ್ದರೆ ಮಾತ್ರ ವಿಟಮಿನ್ ಡಿ3 ಆಗುತ್ತದೆ, ಡಿ3 ಇದ್ದರೆ ಮಾತ್ರ ತಿಂದ ಸುಣ್ಣ ಮೂಳೆಗೆ ಸೇರುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ, ಹಾಗಾಗಿ ಕಿಟಕಿ ಪಕ್ಕ ಇಟ್ಟರೆ ಪ್ರಯೋಜನವಿಲ್ಲ. ಗಡ್ಡದ ಓತಿಗೆ ಸರೀಸೃಪಗಳಿಗೆಂದೇ ಮಾಡಿದ ಬಲವಾದ ಯುವಿಬಿ ಕೊಳವೆದೀಪ ಬೇಕೇಬೇಕು. ರಾತ್ರಿ ಓಡಾಡುವ ಚಿರತೆ ಹಲ್ಲಿಗೂ ಮೆಲುವಾದ ಯುವಿಬಿ ಒಳ್ಳೆಯದು. ದೀಪ ಉರಿಯುತ್ತಿದ್ದರೂ ಕಿರಣ ಕ್ಷೀಣಿಸುತ್ತ ಹೋಗುತ್ತದೆ. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳಿಗೆ ಬದಲಿಸಿ. ಕೊಂಡ ದಿನಾಂಕವನ್ನು ದೀಪದ ಮೇಲೆಯೇ ಬರೆದಿಡುವ ರೂಢಿ ನಮ್ಮದು. ಇದರಲ್ಲಿ ತಪ್ಪಿದರೆ ದವಡೆ ಮೆತ್ತಗಾಗಿ, ಕಾಲು ಬಾಗಿ, ಬೆರಳು ನಡುಗತೊಡಗುತ್ತವೆ. ಒಮ್ಮೆ ಬಾಗಿದ ಮೂಳೆ ಮತ್ತೆ ನೇರವಾಗುವುದಿಲ್ಲ.

ಚಿರತೆ ಹಲ್ಲಿ ಅಪ್ಪಟ ಮಾಂಸಾಹಾರಿ: ಕ್ರಿಕೆಟ್ ಹುಳು, ಡುಬಿಯಾ ಜಿರಲೆ, ಮೀಲ್‌ವರ್ಮ್. ದೊಡ್ಡದಕ್ಕೆ ಎರಡು ಮೂರು ದಿನಕ್ಕೊಮ್ಮೆ ಸಾಕು. ಹುಳುವಿನ ಗಾತ್ರ ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರ ಮೀರಬಾರದು. ಗಡ್ಡದ ಓತಿ ಮರಿಯಲ್ಲಿ ಹುಳುಬಾಕ, ಬೆಳೆದಂತೆ ಸೊಪ್ಪಿನವನು. ಪ್ರಾಯದ ಓತಿಯ ತಟ್ಟೆಯಲ್ಲಿ ಮುಕ್ಕಾಲು ಪಾಲು ಸೊಪ್ಪು ತರಕಾರಿ ಇರಬೇಕು. ಸಾಸಿವೆ ಸೊಪ್ಪು, ಸಿಹಿಕುಂಬಳ, ದಾಸವಾಳದ ಹೂವು ಎಲ್ಲ ನಡೆಯುತ್ತದೆ. ಪಾಲಕ್ ಸೊಪ್ಪಿನ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ದಿನವೂ ಬೇಡ. ಬೆಣ್ಣೆಹಣ್ಣು ಕೊಡಲೇಬಾರದು. ಹೊರಗೆ ಹಿಡಿದ ಹುಳುಗಳೂ ಬೇಡ. ಮಿಂಚುಹುಳು ಒಂದನ್ನು ನುಂಗಿದರೂ ಗಡ್ಡದ ಓತಿ ಸಾಯಬಹುದು.

ರೇಷ್ಮೆಹುಳು ಇವುಗಳ ಅತ್ಯುತ್ತಮ ಆಹಾರಗಳಲ್ಲೊಂದು ಎಂದು ತಿಳಿದಾಗ ನನಗೆ ಒಂದು ಕ್ಷಣ ಸಂಕಟವೇ ಆಯಿತು. ಹಿಪ್ಪುನೇರಳೆ ಸೊಪ್ಪು ಹಾಕಿ, ಹುಳುಮನೆಯಲ್ಲಿ ರಾತ್ರಿಯೆಲ್ಲ ಮಳೆ ಬಂದಂಥ ಸದ್ದು ಕೇಳುತ್ತ ಬೆಳೆದ ಮನೆ ನಮ್ಮದು. ಆದರೆ ಕೊಬ್ಬು ಕಡಿಮೆ, ಮೈ ಮೆತ್ತಗೆ, ಕಾಯಿಲೆಯಿಂದ ಎದ್ದ ಹಲ್ಲಿಗೂ ಜೀರ್ಣವಾಗುತ್ತದೆ. ಮೊಟ್ಟೆಯಿಟ್ಟು ಸೊರಗಿದ ಗುಂಡಮ್ಮನನ್ನು ಎಬ್ಬಿಸಿ ನಿಲ್ಲಿಸಿದ್ದು ರೇಷ್ಮೆಹುಳುಗಳೇ.

ಆರೋಗ್ಯವಾಗಿ ಕಾಣುವ ಹಲ್ಲಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಅಮೆರಿಕದಲ್ಲಿ ಗಡ್ಡದ ಓತಿಗಳಿಂದ ಹರಡಿದ ಪ್ರಕರಣಗಳು ಒಂದಕ್ಕಿಂತ ಹೆಚ್ಚು ಸಲ ವರದಿಯಾಗಿವೆ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಮುತ್ತು ಕೊಡಬೇಡಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ಊರಿಂದ ಬಂದ ವಯಸ್ಸಾದ ಹಿರಿಯರಿಗೂ ಇದನ್ನು ತಿಳಿಸಿ ಹೇಳಿ.

ಊರಿನ ಓದುಗರಿಗೆ

ಬೆಂಗಳೂರಿನಲ್ಲೂ ಈಗ ಇಗ್ವಾನಾ ಸಾಕುವವರಿದ್ದಾರೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಪರಿಚ್ಛೇದದಲ್ಲಿ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯ ಪ್ರಾಣಿಗಳು ಸೇರಿವೆ. ಹಸಿರು ಇಗ್ವಾನಾ ಆ ಪಟ್ಟಿಯಲ್ಲಿದೆ. ಇಂಥವನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು. ಕೊಳ್ಳುವ ಮುನ್ನವೇ ಕಾಗದ ಕೇಳಿ. ಕಾಗದವಿಲ್ಲದ ಪ್ರಾಣಿ ಎಲ್ಲಿಂದ ಬಂತೆಂದು ಯೋಚಿಸಿ. 2023ರ ಆಗಸ್ಟಿನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ ಇಗ್ವಾನಾ, ಗೋಸುಂಬೆ, ಹೆಬ್ಬಾವು ಸೇರಿ 234 ಪ್ರಾಣಿಗಳು ಸಿಕ್ಕವು. ವಿದೇಶದಲ್ಲಿರುವವರೂ ಊರಿಗೆ ಮರಳುವಾಗ ಸಾಕಿದ ಹಲ್ಲಿಯನ್ನು ಬ್ಯಾಗಿನಲ್ಲಿ ತರುವ ಯೋಚನೆ ಮಾಡಬೇಡಿ. ರಜೆಗೆ ಹೋಗುವುದಾದರೆ ದೀಪಗಳಿಗೆ ಟೈಮರ್ ಹಾಕಿ, ಆರೈಕೆ ಬಲ್ಲವರಿಗೆ ಒಪ್ಪಿಸಿ ಹೋಗಿ.

ನಮ್ಮ ಕಾಡು ಹೊಲಗಳ ಉಡ, ಗೋಸುಂಬೆಗಳನ್ನು ಹಿಡಿದು ಸಾಕುವುದು ಅಪರಾಧ. ಉಡ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿದೆ, ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಪೂಜಾ ಸಾಮಗ್ರಿಯ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ‘ಹತ್ತಾ ಜೋಡಿ’ ಎಂದು, ಕೈಮುಗಿದಂತೆ ಕಾಣುವ ಒಣಗಿದ ಜೋಡಿ ಬೇರನ್ನು ಐಶ್ವರ್ಯ ತರುತ್ತದೆಂದು ಮಾರುತ್ತಾರೆ. ಅದು ಬೇರಲ್ಲ. ಈ ಲೇಖನದ ಮೊದಲಲ್ಲಿ ಹೇಳಿದ ಆ ಜೋಡಿ ಅಂಗವೇ ಅದು, ಗಂಡು ಉಡವನ್ನು ಕೊಂದು ಕತ್ತರಿಸಿ ಒಣಗಿಸಿದ್ದು. ಕೊಳ್ಳಬೇಡಿ. ಯಾರಾದರೂ ಮಾರುತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಹಲ್ಲಿ ತರುವ ಮೊದಲು ನಿಮ್ಮ ಊರಿನಲ್ಲಿ ಸರೀಸೃಪಗಳನ್ನು ನೋಡುವ ವೈದ್ಯರು ಇದ್ದಾರೆಯೇ ಎಂದು ವಿಚಾರಿಸಿ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ನಾಯಿ ಬೆಕ್ಕು ನೋಡುವ ಎಲ್ಲರಿಗೂ ಈ ಅನುಭವ ಇರುವುದಿಲ್ಲ. ತಂದ ವಾರವೇ ಒಮ್ಮೆ ತೋರಿಸಿ, ಹಿಕ್ಕೆ ಪರೀಕ್ಷೆ ಮಾಡಿಸಿ, ಗಂಡೋ ಹೆಣ್ಣೋ ನೋಡಿ ಹೇಳಿ ಎಂದು ಕೇಳಿ. ಮರಿಯಾಗಿದ್ದರೆ ಯಾವ ತಿಂಗಳು ಮತ್ತೆ ಬರಬೇಕೆಂದು ಕೇಳಿಕೊಂಡು ಬನ್ನಿ.

ಗುಂಡಮ್ಮನಿಗೆ ಈಗ ಎಂಟು ವರ್ಷ. ಕಳೆದ ಎರಡು ವಸಂತಗಳಲ್ಲಿ ಅವಳು ಮೊಟ್ಟೆ ಇಟ್ಟಿಲ್ಲ. ಆದರೂ ಫೆಬ್ರವರಿ ಬಂತೆಂದರೆ ಮರಳಿನ ಡಬ್ಬಿಯನ್ನು ಒದ್ದೆ ಮಾಡಿ ಅವಳ ಪೆಟ್ಟಿಗೆಯ ಪಕ್ಕ ಸಿದ್ಧವಾಗಿಡುತ್ತೇವೆ.